"ಬಚ್ಚಲಲ್ಲಿ ಜಾರಿ ಬಿದ್ದಳು" ಅಂತ ಬರೆದವನು ನಾನೇ



ಬರಹ ಸ್ವಲ್ಪ ಉದ್ದ ಇದೆ. ಬಿಡುವು ಮಾಡಿಕೊಂಡು ಓದಿ. ಓದಿದ ಮೇಲೆ ಬೈಯೋದಿದ್ರೆ ಬೈಯಿರಿ, ಆದರೆ ಅರ್ಧಕ್ಕೆ ನಿಲ್ಲಿಸಿ ಬೈಬೇಡಿ.

ಹೋದ ವಾರ ನಮ್ಮ ಕಚೇರಿಗೆ ಒಂದು ಟಪಾಲು ಬಂತು. ನಾನು ಕಾಲೇಜೊಂದರ ಆಫೀಸಲ್ಲಿ ಗುಮಾಸ್ತ. ಬಂದ ಕಾಗದಕ್ಕೆ ಇನ್‌ವರ್ಡ್ ನಂಬರ್ ಹಾಕಿ, ರಿಜಿಸ್ಟರಿನಲ್ಲಿ ಬರೆದು, ಸಂಬಂಧಪಟ್ಟವರ ಟೇಬಲ್ಲಿಗೆ ಕಳಿಸೋದು ನನ್ನ ಕೆಲಸ. ಆ ಕಾಗದ ಒಬ್ಬ ಸಂಶೋಧನಾ ವಿದ್ಯಾರ್ಥಿನಿಗೆ ಸೇರಿದ್ದು. ನಮ್ಮ ಕೇರಿಯಂಥದ್ದೇ ಒಂದು ಕೇರಿಯಿಂದ ಬಂದ ಹುಡುಗಿ. ಅಪ್ಪ ಪೌರಕಾರ್ಮಿಕ. ಮೂರು ತಾಲೂಕುಗಳ ದಲಿತ ಕೇರಿಗಳಲ್ಲಿ, ಕಳೆದ ಎರಡು ವರ್ಷದಲ್ಲಿ ಹೆರಿಗೆಯಾದ ಹೆಣ್ಣುಮಕ್ಕಳನ್ನ ಕಂಡು, ಬಸುರಿಯಾಗಿದ್ದಾಗ ಗಂಡನ ಹೊಡೆತ ಇತ್ತಾ, ಇದ್ದರೆ ಅದರಿಂದ ತಪಾಸಣೆಗೆ ಹೋಗೋದು, ಊಟ, ರಕ್ತ, ಹೆರಿಗೆ, ಮಗುವಿನ ತೂಕ ಇದಕ್ಕೆಲ್ಲ ಏನಾಯ್ತು ಅಂತ ಅಧ್ಯಯನ ಮಾಡೋಕೆ ಅನುದಾನ ಕೇಳಿದ್ದಳು. ಕೇಳಿದ್ದು 4 ಲಕ್ಷದ 20 ಸಾವಿರ. ಇಬ್ಬರು ಹೆಣ್ಣುಮಕ್ಕಳಿಗೆ ಗೌರವಧನ, ಓಡಾಟ, ಒಬ್ಬ ಆಪ್ತ ಸಮಾಲೋಚಕಿ, ಪ್ರಿಂಟಿಂಗು. ಆ ಅರ್ಜಿಯ ಕವರಿಂಗ್ ಲೆಟರ್ ಟೈಪ್ ಮಾಡಿದವನು ನಾನೇ. ಅದಕ್ಕೇ ಗೊತ್ತು.

ಬಂದ ಉತ್ತರ ಎರಡು ಸಾಲು. ವಿಷಯವು ಪ್ರಸ್ತುತ ಸಾಲಿನ ಆದ್ಯತಾ ಕ್ಷೇತ್ರಗಳಲ್ಲಿ ಬರುವುದಿಲ್ಲವಾದ್ದರಿಂದ ಪರಿಗಣಿಸಲು ಸಾಧ್ಯವಾಗಿರುವುದಿಲ್ಲ.

ಪಕ್ಕದ ಟೇಬಲ್ಲಿನವರು ಓದಿ ನಕ್ಕರು. "ಗಂಡ ಹೆಂಡ್ತಿ ಜಗಳದ ಮೇಲೆ ಏನ್ರೀ ರಿಸರ್ಚು?" ಅಂದರು. ಆ ಹುಡುಗಿ ಕಾಗದ ಮಡಚಿ ಬ್ಯಾಗಿಗೆ ಇಟ್ಕೊಂಡು, "ಬಿಡಣ್ಣ, ಬೇರೆ ಟಾಪಿಕ್ ತಗೋತೀನಿ" ಅಂದಳು. ನಾನು ಏನೂ ಹೇಳಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ. ಯಾಕೆ ಅಂದ್ರೆ ಆ ಹುಡುಗಿ ಕೇಳಬೇಕು ಅಂತಿದ್ದ ಪ್ರಶ್ನೆಯನ್ನ ಇಪ್ಪತ್ತು ವರ್ಷಕ್ಕೂ ಹಿಂದೆ ನನ್ನನ್ನೇ ಒಬ್ಬರು ಕೇಳಿದ್ದರು. ಉತ್ತರ ಬರೆದುಕೊಟ್ಟವನು ನಾನು. ಸುಳ್ಳು ಉತ್ತರ.

2001. ನಾನು ಬಿ.ಎ. ಕೊನೇ ವರ್ಷ. ನನ್ನ ಅಕ್ಕ ಏಳು ತಿಂಗಳ ಬಸುರಿ, ಎರಡನೇದು. ಕೂಲಿ ದುಡ್ಡಲ್ಲಿ ಐವತ್ತು ರೂಪಾಯಿ ಅವ್ವನ ಕೈಗೆ ಕೊಟ್ಟಿದ್ದಳು ಅನ್ನೋ ಕಾರಣಕ್ಕೆ ಭಾವ ಕುಡಿದು ಬಂದು ಹೊಟ್ಟೆಗೆ ಒದ್ದ. ರಕ್ತ ನಿಲ್ಲಲಿಲ್ಲ. ಟೆಂಪೋದಲ್ಲಿ ಹಾಕ್ಕೊಂಡು ದೊಡ್ಡಾಸ್ಪತ್ರೆಗೆ ಹೋದ್ವಿ. ದಾರೀಲಿ ಅಕ್ಕ ಅವ್ವನ ತೊಡೆ ಮೇಲೆ ಮಲಗಿ, "ಒದ್ದುಬಿಟ್ಟ ಕಣವ್ವ" ಅಂದದ್ದು ನನ್ನ ಕಿವಿಗೆ ಬಿದ್ದಿದೆ. ಆಸ್ಪತ್ರೇಲಿ ನರ್ಸಮ್ಮ ಏನಾಯ್ತು ಅಂತ ಕೇಳಿದರು. ಭಾವ ಅಲ್ಲೇ ನಿಂತಿದ್ದ. ಅವನ ತಾಯಿ, "ಬಚ್ಚಲಲ್ಲಿ ಜಾರಿ ಬಿದ್ಲು ಕಣವ್ವ" ಅಂದರು. ನರ್ಸಮ್ಮ ನನ್ನ ಕಡೆ ನೋಡಿ, "ನೀನು ಓದಿದ್ದೀಯೇನಪ್ಪ? ಇಲ್ಲಿ ಬರೆದು ಸೈನ್ ಹಾಕು" ಅಂದರು.

ಬರೆದೆ. ಸೈನ್ ಹಾಕಿದೆ. ಅಕ್ಕ ನನ್ನನ್ನೇ ನೋಡ್ತಿದ್ದಳು.

ಮಗು ಹೊಟ್ಟೇಲೇ ಹೋಗಿತ್ತು. ಮೂರನೇ ದಿನ ಅಕ್ಕನೂ ಹೋದಳು. ಕಾಗದದಲ್ಲಿ ಸಾವಿನ ಕಾರಣ ಅಂತ ಬರೆದದ್ದು ರಕ್ತಸ್ರಾವ.

ಯಾಕೆ ಬರೆದೆ? ಅಕ್ಕನ ಮೊದಲ ಮಗು, ಎರಡು ವರ್ಷದ ಹೆಣ್ಣುಕೂಸು, ಆ ಮನೇಲಿತ್ತು. "ಕೇಸು ಆದ್ರೆ ಆ ಮಗು ಗತಿ ಏನ್ಲಾ?" ಅಂತ ಅಪ್ಪ ಕೇಳಿದ. ಭಾವ ನಮ್ಮೋನೇ, ನಮ್ಮ ಕೇರಿ ಮರ್ಯಾದೆ ನಾವೇ ಬೀದಿಗೆ ಹಾಕೋದಾ ಅನ್ನೋದೂ ಇತ್ತು. ಅದಕ್ಕೆ ಹಿಂದಿನ ವರ್ಷ, 2000ದಲ್ಲಿ, ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನ ಜೀವಂತ ಸುಟ್ಟಾಗ ಗಂಟಲು ಹರಿಯೋ ಹಾಗೆ ಘೋಷಣೆ ಕೂಗಿದವನು ನಾನು. ಮನೆಯೊಳಗಿನ ಸಾವಿಗೆ ನನ್ನ ಗಂಟಲಲ್ಲಿ ಸ್ವರ ಬರಲಿಲ್ಲ.

ಆ ಎರಡು ವರ್ಷದ ಕೂಸು ಈಗ ಎರಡು ಮಕ್ಕಳ ತಾಯಿ. ಅವಳಿಗೆ ಇದನ್ನ ಓದಿ ಹೇಳಿ, ಅವಳು "ಹಾಕು ಮಾವ, ಎಷ್ಟು ದಿನ ಮುಚ್ಚಿಡ್ತೀಯ" ಅಂದ ಮೇಲೇ ಇಲ್ಲಿ ಹಾಕ್ತಿದ್ದೀನಿ.

ಈಗ ವಿಷಯಕ್ಕೆ ಬರ್ತೀನಿ.

ಬಸುರಿ ಹೆಂಗಸಿನ ಹೊಟ್ಟೆಗೆ ಪೆಟ್ಟು ಬಿದ್ರೆ ಮಾಸು, ನಮ್ಮ ಕಡೆ ಕಸ ಅಂತೀವಲ್ಲ, ಅದು ಹೆರಿಗೆಗೆ ಮುಂಚೆಯೇ ಗರ್ಭಕೋಶದಿಂದ ಕಿತ್ತುಕೊಂಡು ವಿಪರೀತ ರಕ್ತ ಹೋಗಬಹುದು. ಇದು ಡಾಕ್ಟರುಗಳಿಗೆಲ್ಲ ಗೊತ್ತಿರೋ ವಿಷಯ. ಪೆಟ್ಟು ಬೀಳದೆಯೂ ಹೀಗಾಗುತ್ತೆ, ಬಿಪಿ ಹೆಚ್ಚಾದರೂ ಆಗುತ್ತೆ. ಹಾಗಾಗಿ "ರಕ್ತಸ್ರಾವ" ಅಂತ ಬರೆದರೆ ಅದು ಸುಳ್ಳಲ್ಲ. ಆದರೆ ಆ ಪದದ ಹಿಂದೆ ಒಂದು ಕಾಲು ಇತ್ತು. ಕಾಗದದಲ್ಲಿ ರಕ್ತ ಮಾತ್ರ ಉಳೀತು, ಕಾಲು ಮಾಯ ಆಯ್ತು.

ನಮ್ಮ ರಾಜ್ಯದಲ್ಲಿ ತಾಯಂದಿರ ಸಾವು ಕಮ್ಮಿಯಾಗಿದೆ, ಇದನ್ನ ಒಪ್ಪಬೇಕು. 2001-03ರ ಲೆಕ್ಕದಲ್ಲಿ ಕರ್ನಾಟಕದಲ್ಲಿ 1 ಲಕ್ಷ ಹೆರಿಗೆಗೆ 228 ತಾಯಂದಿರು ಸಾಯ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳೀತು. ಆಶಾ ಕಾರ್ಯಕರ್ತೆಯರು ಬಂದರು, 108 ಬಂತು, ನೂರಕ್ಕೆ 97 ಹೆರಿಗೆ ಆಸ್ಪತ್ರೇಲೇ ಆಗ್ತಿದೆ. ಇದೆಲ್ಲ ಸುಮ್ಮನೆ ಆಗಲಿಲ್ಲ. ತಾಯಂದಿರು ಯಾಕೆ ಸಾಯ್ತಾರೆ ಅಂತ ಯಾರೋ ದುಡ್ಡು ಹಾಕಿ, ಊರೂರು ತಿರುಗಿ, ಲೆಕ್ಕ ಮಾಡಿದ್ದಕ್ಕೆ ಆಯ್ತು. ರಕ್ತಹೀನತೆ ಅಂತ ಗೊತ್ತಾಯ್ತು, ಕಬ್ಬಿಣದ ಮಾತ್ರೆ ಬಂತು. ದಾರೀಲಿ ಸಾಯ್ತಾರೆ ಅಂತ ಗೊತ್ತಾಯ್ತು, ಆಂಬುಲೆನ್ಸ್ ಬಂತು. ಹೊಡೆತ ಮಾತ್ರ ಇನ್ನೂ ಆ ಪಟ್ಟಿಗೆ ಸೇರಿಲ್ಲ.

ಇನ್ನೊಂದು ಲೆಕ್ಕ ನೋಡಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಆ ಸಮೀಕ್ಷೆಯಲ್ಲಿ ದೇಶಕ್ಕೇ ಮೊದಲ ಸ್ಥಾನ ನಮ್ಮದು. ದೇಶದ ಸರಾಸರಿ 29.3. ಅದಕ್ಕಿಂತ ಹಿಂದಿನ ಸಮೀಕ್ಷೆಯಲ್ಲಿ ನಮ್ಮದು 20.6 ಇತ್ತು. ನಾಲ್ಕೈದು ವರ್ಷದಲ್ಲಿ ಎರಡು ಪಟ್ಟಿಗಿಂತ ಜಾಸ್ತಿ! ಇದನ್ನ ಹೇಳಿದಾಗ ಎಷ್ಟೋ ಜನ "ಲಾಕ್‌ಡೌನಲ್ಲಿ ಜಾಸ್ತಿ ಆಯ್ತು ಬಿಡಿ" ಅಂತಾರೆ. ತಪ್ಪು. ಕರ್ನಾಟಕದಲ್ಲಿ ಆ ಸಮೀಕ್ಷೆ ನಡೆದದ್ದು 2019ರ ಜುಲೈಯಿಂದ ಡಿಸೆಂಬರ್‌ವರೆಗೆ. ಆಗ ಕೊರೊನಾ ಹೆಸರೇ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಾಗಾದ್ರೆ ಹೊಡೆತ ಹೆಚ್ಚಾಯ್ತಾ? ಇಲ್ಲಾ ಹೇಳಿಕೊಳ್ಳೋ ಧೈರ್ಯ ಹೆಚ್ಚಾಯ್ತಾ? ಕೇಳಿದ ರೀತಿ ಬದಲಾಯ್ತಾ? ಒಂದು ಸಂಖ್ಯೆ ಇದನ್ನ ಹೇಳಲ್ಲ. ಊರಿಗೆ ಹೋಗಿ, ಹೆಣ್ಣುಮಕ್ಕಳ ಜೊತೆ ನೆಲದ ಮೇಲೆ ಕೂತು, ವಾರಗಟ್ಟಲೆ ಕೇಳಬೇಕು. ಅದಕ್ಕೇ ರಿಸರ್ಚು ಅನ್ನೋದು. ಅದಕ್ಕೇ ದುಡ್ಡು ಬೇಕು.

ಅದೇ ಸಮೀಕ್ಷೆಯಲ್ಲಿ ದೇಶದ ಮಟ್ಟದಲ್ಲಿ ಬಸುರಿಯಾಗಿದ್ದಾಗ ಹೊಡೆತ ತಿಂದಿದ್ದೀವಿ ಅಂದವರು ನೂರಕ್ಕೆ 3.1. ಕಮ್ಮಿ ಅನ್ಸುತ್ತಾ? ನನ್ನ ಅಕ್ಕ ಬದುಕಿದ್ದು, ಗಂಡ ಹೊರಗೆ ಜಗಲಿ ಮೇಲೆ ಕೂತಿದ್ದು, ಗುರುತಿಲ್ಲದವರು ಬಂದು ಕೇಳಿದ್ರೆ ಅವಳು ಹೌದು ಅಂತಿದ್ದಳಾ? ಸತ್ತವಳಂತೂ ಯಾವ ಸಮೀಕ್ಷೆಗೂ ಉತ್ತರ ಕೊಡಲ್ಲ.

ಆಫೀಸಲ್ಲಿ ಕೆಲಸ ಮಾಡೋರಿಗೆ ಒಂದು ಸತ್ಯ ಗೊತ್ತಿರುತ್ತೆ. ಕಾಲಂ ಇಲ್ಲದ್ದಕ್ಕೆ ಲೆಕ್ಕ ಇಲ್ಲ. ಲೆಕ್ಕ ಇಲ್ಲದ್ದಕ್ಕೆ ಹಣ ಇಲ್ಲ. ಹಣ ಇಲ್ಲದ್ದಕ್ಕೆ ಫೈಲೇ ಇಲ್ಲ. ನಾನು ನೋಡಿರೋ ತಾಯಿ ಕಾರ್ಡುಗಳಲ್ಲಿ ತೂಕಕ್ಕೆ ಜಾಗ ಇದೆ, ಬಿಪಿಗೆ ಇದೆ, ರಕ್ತಕ್ಕೆ ಇದೆ, ಟಿಟಿ ಇಂಜೆಕ್ಷನ್‌ಗೆ ಇದೆ. "ಮನೇಲಿ ನಿನಗೆ ಯಾರಾದ್ರೂ ಹೊಡೀತಾರಾ ತಾಯಿ?" ಅನ್ನೋದಕ್ಕೆ ಜಾಗ ಇಲ್ಲ.

ತಾಯಿ ಮರಣ ಅನ್ನೋದರ ವ್ಯಾಖ್ಯೆಯಲ್ಲೇ ತೊಡಕಿದೆ. ಬಸುರಿಯಾಗಿದ್ದಾಗ ಅಥವಾ ಹೆರಿಗೆಯಾಗಿ 42 ದಿನದೊಳಗೆ ಸತ್ತರೆ ಅದು ತಾಯಿ ಮರಣ. ಆದರೆ ಅಪಘಾತ ಅಥವಾ ಬಸಿರಿಗೆ ಸಂಬಂಧವಿಲ್ಲದ ಆಕಸ್ಮಿಕ ಕಾರಣದಿಂದ ಸತ್ತರೆ ಅಲ್ಲ. ಅಂದ್ರೆ ಬಸುರಿಯನ್ನ ಸೀಮೆಎಣ್ಣೆ ಸುರಿದು ಸುಟ್ಟರೆ, ಕತ್ತು ಹಿಸುಕಿದರೆ, ಅದು ಪೊಲೀಸ್ ಸ್ಟೇಷನ್ನಿನ ಲೆಕ್ಕ, ಆರೋಗ್ಯ ಇಲಾಖೆ ಲೆಕ್ಕ ಅಲ್ಲ. "ಸ್ಟೋವ್ ಸಿಡೀತು" ಅಂತ ಬರೆದುಬಿಟ್ಟರೆ ಯಾರ ಲೆಕ್ಕವೂ ಅಲ್ಲ. ಬಸುರಿ, ಬಾಣಂತಿಯರ ಆತ್ಮಹತ್ಯೆಯನ್ನ ತಾಯಿ ಮರಣ ಅಂತಲೇ ಎಣಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲೇ ಹೇಳಿದೆ. ಕೇರಳದಲ್ಲಿ ಹೆರಿಗೆ ತಜ್ಞರ ಸಂಘದವರು 2004ರಿಂದ ಒಂದೊಂದು ತಾಯಿ ಮರಣವನ್ನೂ ಗುಟ್ಟು ಕಾಪಾಡಿಕೊಂಡು ಪರಿಶೀಲನೆ ಮಾಡ್ತಾ ಬಂದಿದ್ದಾರೆ. ರಕ್ತಸ್ರಾವ, ಬಿಪಿ ಸಾವುಗಳನ್ನ ತಡೀತಾ ತಡೀತಾ ಹೋದ ಹಾಗೆ ಅಲ್ಲಿ ಆತ್ಮಹತ್ಯೆ ಮುಖ್ಯ ಕಾರಣಗಳಲ್ಲಿ ಒಂದಾಗಿ ಕಣ್ಣಿಗೆ ಬಿತ್ತು. ಹುಡುಕಿದ್ದಕ್ಕೆ ಸಿಕ್ತು.

ಹುಡುಕಿದ್ರೆ ದಾರಿನೂ ಸಿಗುತ್ತೆ. ಮುಂಬೈನ ಬಾಂದ್ರಾದ ಪಾಲಿಕೆ ಆಸ್ಪತ್ರೇಲಿ 2000ದ ಹೊತ್ತಿಗೆ ಸೆಹಾತ್ ಸಂಸ್ಥೆ ಮತ್ತು ಪಾಲಿಕೆ ಸೇರಿ "ದಿಲಾಸಾ" ಅನ್ನೋ ಕೇಂದ್ರ ಶುರು ಮಾಡಿದರು. ಗಾಯ ಅಂತ ಬಂದ ಹೆಣ್ಣುಮಕ್ಕಳನ್ನ ನರ್ಸು, ಡಾಕ್ಟರೇ ಬೇರೆ ಕೂರಿಸಿ ಕೇಳಿ, ಆಪ್ತ ಸಮಾಲೋಚನೆಗೆ ಕಳಿಸ್ತಾರೆ. ಆಮೇಲೆ ಅದು ಮುಂಬೈನ ಬೇರೆ ಆಸ್ಪತ್ರೆಗಳಿಗೂ ಹೋಯ್ತು. ನಮ್ಮ ಬೆಂಗಳೂರಲ್ಲೇ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ "ದಿಲ್ ಮಿಲ್" ಅಂತ ಒಂದು ಪ್ರಯೋಗ ನಡೆದು 2012ರಲ್ಲಿ ಅದರ ಫಲಿತಾಂಶ ಪ್ರಕಟವಾಯ್ತು. ಬಸುರಿ ಸೊಸೆ, ಅವಳ ಅತ್ತೆ, ಇಬ್ಬರನ್ನೂ ಸೇರಿಸಿಕೊಂಡು ಹಿಂಸೆ ತಡೆಯೋ ಪ್ರಯತ್ನ. ಅಂಥ ಅತ್ತೆ ಒಬ್ಬರಿದ್ದಿದ್ರೆ ಅವತ್ತು ಆಸ್ಪತ್ರೆ ಬಾಗಿಲಲ್ಲಿ ಬಚ್ಚಲ ಕಥೆ ಹುಟ್ಟುತ್ತಲೇ ಇರಲಿಲ್ಲವೇನೋ.

ಆದರೆ ಇಂಥ ಕೆಲಸಕ್ಕೆ ಬರ್ತಿದ್ದ ದುಡ್ಡು ಹೆಚ್ಚಾಗಿ ಹೊರಗಿಂದ. ಹೊರಗಿನವರು ನಲ್ಲಿ ತಿರುಗಿಸಿದ್ರೆ ನೀರು ನಿಂತುಹೋಯ್ತು. ನಾನು ಮೇಲೆ ಹೇಳಿದ 44.4 ಇದೆಯಲ್ಲ, ಆ ಸಮೀಕ್ಷೆಗೆ ತಾಂತ್ರಿಕ ನೆರವು ಕೊಟ್ಟದ್ದು ಅಮೆರಿಕದ ಯುಎಸ್‌ಎಐಡಿ ಹಣದಲ್ಲಿ ನಡೀತಿದ್ದ ಡಿಎಚ್‌ಎಸ್ ಕಾರ್ಯಕ್ರಮ. ಹಿಂಸೆ ಬಗ್ಗೆ ಹೇಗೆ ಕೇಳಬೇಕು, ಒಂದು ಮನೇಲಿ ಒಬ್ಬ ಹೆಣ್ಣುಮಗಳನ್ನ ಮಾತ್ರ ಕೇಳಬೇಕು, ಪಕ್ಕದಲ್ಲಿ ಯಾರಾದ್ರೂ ಇದ್ರೆ ಕೇಳಲೇಬಾರದು, ಇಂಥ ನಿಯಮಗಳನ್ನ ದೇಶ ದೇಶಕ್ಕೆ ಮುಟ್ಟಿಸಿದ ಕಾರ್ಯಕ್ರಮ ಅದು. 2025ರ ಫೆಬ್ರವರಿಯಲ್ಲಿ ಅಮೆರಿಕ ಸರ್ಕಾರ ಅದನ್ನ ನಿಲ್ಲಿಸಿತು. ಅದೇ ವರ್ಷ ಆ ದೇಶದೊಳಗೇ ನೂರಾರು ಆರೋಗ್ಯ ಸಂಶೋಧನೆಗಳ ಅನುದಾನ ರದ್ದಾಯ್ತು. ಇಲ್ಲಿ ನಮ್ಮ ಕೇಂದ್ರ ಸರ್ಕಾರ 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆ ತಿದ್ದುಪಡಿ ಮಾಡಿ, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನ ಇನ್ನೊಂದು ಸಂಸ್ಥೆಗೆ ವರ್ಗಾಯಿಸೋ ಹಾಗಿಲ್ಲ ಅಂತ ಮಾಡಿತು. ಆಡಳಿತ ಖರ್ಚಿನ ಮಿತಿಯನ್ನ ನೂರಕ್ಕೆ 50ರಿಂದ 20ಕ್ಕೆ ಇಳಿಸಿತು. ದೆಹಲಿ, ಬೆಂಗಳೂರಿನ ದೊಡ್ಡ ಸಂಸ್ಥೆಗಳು ಹೇಗೋ ತಡ್ಕೋತವೆ. ತಾಲೂಕು ಮಟ್ಟದಲ್ಲಿ ನಾಲ್ಕು ಜನ ದಲಿತ ಹೆಣ್ಣುಮಕ್ಕಳು ಬಾಡಿಗೆ ರೂಮಲ್ಲಿ ನಡೆಸೋ ಸಂಸ್ಥೆಗೆ ದೊಡ್ಡ ಸಂಸ್ಥೆ ಮೂಲಕ ಬರ್ತಿದ್ದ ದುಡ್ಡು ನಿಂತೋಯ್ತು.

ನಾನು ಅಮೆರಿಕದವರು ದುಡ್ಡು ಕೊಡಲಿ ಅಂತ ಕೇಳ್ತಿಲ್ಲ. ನಮ್ಮ ಹೆಣ್ಣುಮಕ್ಕಳ ಸಾವಿನ ಲೆಕ್ಕಕ್ಕೆ ನಾವ್ಯಾಕೆ ಬೇರೆಯವರ ಜೇಬು ನೋಡ್ತಾ ಕೂತಿದ್ದೀವಿ ಅಂತ ಕೇಳ್ತಿದ್ದೀನಿ. 1928ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆಯನ್ನ ಬೆಂಬಲಿಸಿ ಮಾತಾಡಿದ ಬಾಬಾಸಾಹೇಬರು, ಹೆರಿಗೆಯ ಮುಂಚೆ ಮತ್ತು ನಂತರ ತಾಯಿಗೆ ವಿಶ್ರಾಂತಿ ಸಿಗೋದು ರಾಷ್ಟ್ರದ ಹಿತದ ಪ್ರಶ್ನೆ, ಅದರ ಹೊರೆಯನ್ನ ಸರ್ಕಾರವೂ ಹೊರಬೇಕು ಅಂದರು. ಸುಮಾರು ನೂರು ವರ್ಷದ ಹಿಂದೆ! ಪ್ರತಿ ಏಪ್ರಿಲ್ 14ಕ್ಕೆ ಫ್ಲೆಕ್ಸ್ ಕಟ್ಟೋ ನಾವು ಈ ಮಾತನ್ನ ಎಷ್ಟು ಸಲ ಹೇಳಿದ್ದೀವಿ?

ಈಗ ನಮ್ಮವರ ಹತ್ತಿರವೇ ಎರಡು ಮಾತು.

ಸಂಘಟನೆ ಸಭೇಲಿ ಈ ವಿಷಯ ಎತ್ತಿದಾಗ ಒಬ್ಬರು ಹಿರಿಯರು ಹೇಳಿದ್ರು: "ತಮ್ಮ, ಇದನ್ನ ಲೆಕ್ಕ ಮಾಡಿಸಿದ್ರೆ ಸವರ್ಣೀಯರು ನೋಡಿ, ದಲಿತ ಗಂಡಸರೇ ಹೆಂಡ್ತಿ ಹೊಡೆಯೋರು ಅಂತ ಆಡ್ಕೋತಾರೆ." ಆ ಭಯ ಸುಳ್ಳಲ್ಲ. ರಾಷ್ಟ್ರೀಯ ಸಮೀಕ್ಷೆಯಲ್ಲಿ ಪರಿಶಿಷ್ಟ ಜಾತಿಯ ಹೆಣ್ಣುಮಕ್ಕಳಲ್ಲಿ ಈ ಪ್ರಮಾಣ ಹೆಚ್ಚೇ ದಾಖಲಾಗಿದೆ. ಆ ಅಂಕಿಯನ್ನ ಹಿಡ್ಕೊಂಡು ನಮ್ಮನ್ನ ಹೀಯಾಳಿಸೋರು ಇದ್ದಾರೆ. ಆದರೆ ಅದಕ್ಕೆ ಉತ್ತರ ಲೆಕ್ಕ ಮುಚ್ಚೋದಲ್ಲ. ಭೂಮಿ ಇಲ್ಲದ್ದು, ಸಾಲ, ಹೆಂಡ, ಬೇಗ ಮದುವೆ, ಹೆಣ್ಣು ಅಂದ್ರೆ ಗಂಡಸಿನ ಸೊತ್ತು ಅಂತ ಕಲಿಸೋ ಮನುವಾದ, ಇದರಲ್ಲಿ ಯಾವುದು ಎಷ್ಟು ಕೆಲಸ ಮಾಡ್ತಿದೆ ಅಂತ ನಮ್ಮ ಹೆಣ್ಣುಮಕ್ಕಳೇ ಸಂಶೋಧನೆ ಮಾಡಿ ಬರೀಬೇಕು. ನಾವು ಬರೀದಿದ್ರೆ ಬೇರೆಯವರು ಬರೀತಾರೆ, ಅವರಿಗೆ ಬೇಕಾದ ಹಾಗೆ. ಮತ್ತೆ, ಜಾತಿಯವನು ಹೊಡೆದ್ರೆ ದೌರ್ಜನ್ಯ, ನಮ್ಮವನು ಹೊಡೆದ್ರೆ ಸಂಸಾರ ಅನ್ನೋ ಲೆಕ್ಕದಲ್ಲಿ ನನ್ನ ಅಕ್ಕ ಎಲ್ಲಿ ಬರ್ತಾಳೆ? ಹೇಳಿ.

ಎರಡನೇದು ದುಡ್ಡಿನ ಮಾತು. 2013ರಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಮಾಡಿಸಿಕೊಂಡ್ವಿ. ಹೋರಾಟದ ಫಲ ಅದು. 2024-25ರಲ್ಲಿ ಆ ಲೆಕ್ಕದಲ್ಲಿ 39 ಸಾವಿರ ಕೋಟಿಗೂ ಮಿಕ್ಕಿ ಇಟ್ಟರು, ಅದರಲ್ಲಿ 14 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿ ಯೋಜನೆಗಳಿಗೆ ಹೋಯ್ತು. ಗೃಹಲಕ್ಷ್ಮಿ ಬೇಡ ಅಂತ ನಾನು ಹೇಳಲ್ಲ. ನಮ್ಮ ಕೇರಿಯ ಹೆಣ್ಣುಮಕ್ಕಳ ಕೈಗೆ 2000 ರೂಪಾಯಿ ಬರ್ತಿರೋದು ನನಗೆ ಸಂತೋಷವೇ. ಆದರೆ ಆ 2000 ಬಂದ ಮೇಲೆ ಗಂಡನ ಹೊಡೆತ ಕಮ್ಮಿಯಾಯ್ತಾ, ಇಲ್ಲಾ ಆ ದುಡ್ಡು ಕಿತ್ಕೊಳ್ಳೋಕೆ ಜಾಸ್ತಿಯಾಯ್ತಾ? ಬಸ್ಸು ಫ್ರೀ ಆದ ಮೇಲೆ ಹೊಡೆತ ತಿಂದ ಬಸುರಿ ತವರಿಗೆ ಹೋಗೋದು ಸುಲಭ ಆಯ್ತಾ? ನನ್ನ ಅಕ್ಕ ಸತ್ತದ್ದೇ ಐವತ್ತು ರೂಪಾಯಿ ವಿಷಯಕ್ಕೆ. ಸಾವಿರಾರು ಕೋಟಿ ಖರ್ಚು ಮಾಡೋ ಸರ್ಕಾರ ಈ ಪ್ರಶ್ನೆ ಕೇಳೋಕೆ ಒಂದೆರಡು ಕೋಟಿ ಇಡಬಾರದಾ?

ಹಾಗಂತ ಉಪಯೋಜನೆ ದುಡ್ಡಲ್ಲೇ ಇದನ್ನೂ ಮಾಡಿ ಅಂದ್ರೆ ಅದು ಇನ್ನೊಂದು ದಾರಿ ತಪ್ಪಿಸೋ ಕೆಲಸ ಆಗುತ್ತೆ. ಹೊಡೆತ ತಿನ್ನೋರು ಎಲ್ಲಾ ಜಾತೀಲೂ ಇದ್ದಾರೆ. ಹಾಗಾಗಿ ಆರೋಗ್ಯ ಇಲಾಖೆಯ ಸಾಮಾನ್ಯ ಬಜೆಟ್ಟಲ್ಲಿ ಇದಕ್ಕೆ ಒಂದು ಪ್ರತ್ಯೇಕ ಲೆಕ್ಕ ಶೀರ್ಷಿಕೆ ಬರಬೇಕು, ನಮ್ಮ ಪಾಲು ಕಾನೂನು ಪ್ರಕಾರ ಅದರೊಳಗೆ ಬರಬೇಕು.

ನನ್ನ ಬೇಡಿಕೆ ಮೂರೇ.

ಒಂದು, ಗರ್ಭಿಣಿಯರ ಮೇಲಿನ ಹಿಂಸೆ ಮತ್ತು ತಾಯಂದಿರ ಆರೋಗ್ಯದ ಸಂಶೋಧನೆಗೆ ರಾಜ್ಯ ಸರ್ಕಾರ ತನ್ನ ದುಡ್ಡಲ್ಲೇ ವರ್ಷ ವರ್ಷ ಅನುದಾನ ಇಡಬೇಕು. "ಆದ್ಯತಾ ಕ್ಷೇತ್ರ" ಅನ್ನೋ ಪಟ್ಟಿಯಲ್ಲಿ ಈ ವಿಷಯದ ಹೆಸರು ಬರೀಬೇಕು.

ಎರಡು, ಬಸುರಿ ಬಾಣಂತಿಯರ ಪ್ರತಿ ಸಾವಿನ ಪರಿಶೀಲನೆಯಲ್ಲೂ ಹಿಂಸೆ ಇತ್ತಾ ಅಂತ ತವರಿನವರನ್ನ ಪ್ರತ್ಯೇಕ ಕೂರಿಸಿ ಕೇಳಬೇಕು. ಕೊಲೆ, ಸುಟ್ಟ ಗಾಯ, ಆತ್ಮಹತ್ಯೆ ಅಂತ ಪಕ್ಕಕ್ಕೆ ಇಡೋ ಹಾಗಿಲ್ಲ. ಬೇರೆ ಪಟ್ಟಿಯಾದ್ರೂ ಸರಿ, ಎಣಿಸಿ ಪ್ರಕಟ ಮಾಡಬೇಕು.

ಮೂರು, ಕೇಳೋ ಕೆಲಸಕ್ಕೆ ನಮ್ಮ ಕೇರಿಯ ಓದಿದ ಹೆಣ್ಣುಮಕ್ಕಳನ್ನ ತಗೋಬೇಕು, ಆದರೆ ಅವರದೇ ಊರಿಗೆ ಹಾಕಬಾರದು. ಹೇಗೂ ಆಶಾ ಇದ್ದಾರಲ್ಲ, ಇನ್ನೊಂದು ಫಾರಂ ತುಂಬಲಿ ಅಂತ ಅವರ ತಲೆ ಮೇಲೆ ಹಾಕೋದು ಬೇಡ. ಅದೇ ಬೀದೀಲಿ ಬದುಕೋ ಹೆಂಗಸು ಅವಳು. ಕೇಳಿದ್ದು ಗಂಡಂದಿರಿಗೆ ಗೊತ್ತಾದ್ರೆ ಹೊಡೆತ ಇಬ್ಬರಿಗೂ ಬೀಳುತ್ತೆ. ಕೇಳಿದ ಮೇಲೆ ಕಳಿಸೋಕೆ ಒಂದು ಜಾಗ, ಒಬ್ಬ ಆಪ್ತ ಸಮಾಲೋಚಕಿ ಇರಲೇಬೇಕು. ಗಾಯ ಬಿಚ್ಚಿಸಿ ನೋಡಿ, ಔಷಧಿ ಇಲ್ಲ ಅಂತ ಎದ್ದು ಬರೋದು ಸಂಶೋಧನೆ ಅಲ್ಲ.

2024ರ ನವೆಂಬರಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತಾಗ ಇಡೀ ರಾಜ್ಯ ಗ್ಲೂಕೋಸ್ ಬಾಟಲಿ ಬಗ್ಗೆ ಮಾತಾಡಿತು. ಮಾತಾಡಲೇಬೇಕಿತ್ತು. ತನಿಖೆ ಆಯ್ತು, ಪ್ರತಿ ಸಾವಿನ ಆಡಿಟ್ ಆಗಬೇಕು ಅಂತ ಎಲ್ಲರೂ ಒಪ್ಪಿದರು. ಬಾಟಲಿಯನ್ನ ಲ್ಯಾಬಿಗೆ ಕಳಿಸಬಹುದು. ಮನೆಯೊಳಗಿನ ಕಾಲನ್ನ ಯಾವ ಲ್ಯಾಬಿಗೆ ಕಳಿಸ್ತೀರಿ? ಅದಕ್ಕೆ ಇಂಥ ಹುಡುಗಿಯರೇ ಬೇಕು, ನೋಟ್‌ಬುಕ್ ಹಿಡ್ಕೊಂಡು ಬಿಸಿಲಲ್ಲಿ ಕೇರಿ ಕೇರಿ ತಿರುಗೋರು.

ಆ ಹುಡುಗಿಗೆ ನಿನ್ನೆ ಫೋನ್ ಮಾಡಿದೆ. "ಟಾಪಿಕ್ ಬದಲಾಯಿಸಬೇಡಮ್ಮ, ಮತ್ತೆ ಅರ್ಜಿ ಹಾಕೋಣ, ಬೇರೆ ಕಡೆನೂ ಹಾಕೋಣ, ಕವರಿಂಗ್ ಲೆಟರ್ ನಾನೇ ಟೈಪ್ ಮಾಡ್ತೀನಿ" ಅಂದೆ. "ಸರಿ ಅಣ್ಣ, ಆದ್ರೆ ಮೊದಲು ಯಾರ ಹತ್ತಿರ ಮಾತಾಡ್ಲಿ?" ಅಂದಳು. "ನನ್ನ ಹತ್ತಿರನೇ ಶುರು ಮಾಡು" ಅಂದೆ. 2001ರಲ್ಲಿ ಬರೆದುಕೊಟ್ಟ ಹೇಳಿಕೇನ ಈಗ ತಿದ್ದಿ ಬರೆದುಕೊಡೋಕೆ ನಾನು ತಯಾರಿದ್ದೀನಿ. ಅಕ್ಕ ಬಚ್ಚಲಲ್ಲಿ ಜಾರಿ ಬೀಳಲಿಲ್ಲ.

ನಿಮ್ಮ ಮನೇಲೂ ಇಂಥ ಒಂದು ಬಚ್ಚಲು, ಒಂದು ಸ್ಟೋವು, ಒಂದು ಮೆಟ್ಟಿಲು ಇರಬಹುದು. ಕಾಮೆಂಟಲ್ಲಿ ಹೆಸರು ಹಾಕಬೇಡಿ, ಬದುಕಿರೋರಿಗೆ ತೊಂದರೆ ಆಗಬಾರದು. ಆದರೆ ನಿಮ್ಮ ಶಾಸಕರಿಗೆ, ಆರೋಗ್ಯ ಇಲಾಖೆಗೆ ಈ ಮೂರು ಬೇಡಿಕೆ ಬರೆದು ಕಳಿಸಿ. ಈಗಲೇ ಕಷ್ಟದಲ್ಲಿರೋ ಹೆಣ್ಣುಮಕ್ಕಳು 181 ಮಹಿಳಾ ಸಹಾಯವಾಣಿಗೆ ಫೋನ್ ಮಾಡಿ. ತುರ್ತು ಇದ್ರೆ 112.

ಜೈ ಭೀಮ್.